ಉಪ್ಪಿನ ತಪ್ಪೋ, ಕಂಪನಿಯ ತಪ್ಪೋ?

ಪ್ರಶ್ನೆ: ಸರ್, ನಾನು ಮುರ್ಡೇಶ್ವರದವನು. ಪ್ರವಾಸಿಗರನ್ನು ನೇತ್ರಾಣಿ ದ್ವೀಪಕ್ಕೆ ಕರಕೊಂಡು ಹೋಗಿ ಡೈವ್ ಮಾಡಿಸುವ ಕೆಲಸ. ಕಳೆದ ಅಕ್ಟೋಬರಿನಲ್ಲಿ ಸಾಲ ಮಾಡಿ 38,000 ರೂಪಾಯಿಗೆ ಹೊಸ ರೆಗ್ಯುಲೇಟರ್ ಸೆಟ್ (ಟ್ಯಾಂಕಿನ ಗಾಳಿಯನ್ನು ಉಸಿರಾಡುವ ಹಾಗೆ ಬಾಯಿಗೆ ತರುವ ಸಾಧನ) ತಗೊಂಡೆ. ವಿದೇಶಿ ಕಂಪನಿಯದು, ಡೀಲರ್ ಹತ್ತಿರ ಬಿಲ್ ಸಮೇತ. ಸುಮಾರು 70 ಡೈವ್ ಆಗಿತ್ತು. ಫೆಬ್ರುವರಿಯಲ್ಲಿ ಒಂದು ದಿನ 14 ಮೀಟರ್ ಆಳದಲ್ಲಿ ಬಾಯಲ್ಲಿದ್ದ ಸೆಕೆಂಡ್ ಸ್ಟೇಜ್ ತಾನಾಗೇ ಗಾಳಿ ಬಿಡೋಕೆ ಶುರು ಮಾಡಿತು. ಮೊದಲು ಸಣ್ಣಗೆ, ಆಮೇಲೆ ಜೋರಾಗಿ. ಜೊತೆಗೆ ಒಬ್ಬರು ಗೆಸ್ಟ್ ಇದ್ದರು. ಹೇಗೋ ಇಬ್ಬರೂ ಮೇಲೆ ಬಂದೆವು, ಯಾರಿಗೂ ಏನೂ ಆಗಲಿಲ್ಲ. ಡೀಲರ್‌ಗೆ ವಾಟ್ಸಾಪಿನಲ್ಲಿ ಫೋಟೋ ಕಳಿಸಿದೆ. ಎರಡು ತಿಂಗಳ ನಂತರ ಉತ್ತರ ಬಂತು: ‘ಉಪ್ಪಿನಿಂದ ಕಿಲುಬು ಹಿಡಿದಿದೆ, ನಿಮ್ಮ ನಿರ್ವಹಣೆ ಸರಿಯಿಲ್ಲ, ವಾರಂಟಿ ಬರುವುದಿಲ್ಲ. ಸರ್ವಿಸ್‌ಗೆ 9,000 ರೂಪಾಯಿ.’ ಕಂಪನಿಗೆ ಮೇಲ್ ಹಾಕಿದರೆ ‘ಡೀಲರನ್ನು ಸಂಪರ್ಕಿಸಿ’ ಅಂತಾರೆ. ಗೆಳೆಯನೊಬ್ಬ ‘ಬಿಚ್ಚಿ ಸೀಟ್ ಬದಲಾಯಿಸು, ಆನ್‌ಲೈನಲ್ಲಿ ಸಿಗುತ್ತೆ’ ಅಂತಾನೆ. ಇನ್ನೊಬ್ಬ ‘ಇನ್‌ಸ್ಟಾದಲ್ಲಿ ಹಾಕು, ಓಡಿ ಬರ್ತಾರೆ’ ಅಂತಾನೆ. ಈಗ ದಡದಲ್ಲಿ ಹಾಕಿ ನೋಡಿದರೆ ಚೆನ್ನಾಗೇ ಇದೆ, ಕಡಿಮೆ ಆಳಕ್ಕೆ ಬಳಸ್ತಾ ಇದ್ದೇನೆ. ಕಂಪನಿಗೆ ಈ ದೋಷ ಮೊದಲೇ ಗೊತ್ತಿತ್ತಾ? ನಮ್ಮಂಥವರು ಅಂತ ಹೀಗೆ ಮಾಡ್ತಾರಾ? ನಾನೇನು ಮಾಡಲಿ?

ಉತ್ತರ: ಉಳಿದದ್ದೆಲ್ಲ ಆಮೇಲೆ. ಆ ಸೆಟ್ ಇವತ್ತಿನಿಂದ ನೀರಿಗೆ ಇಳಿಯಬಾರದು. ಕಡಿಮೆ ಆಳ ಅಂದರೂ ಬೇಡ. ನಿಮ್ಮ ಜೊತೆ ಇಳಿಯುವವರಲ್ಲಿ ಅರ್ಧ ಜನ ಮೊದಲ ಸಲ ಮಾಸ್ಕ್ ಹಾಕಿಕೊಂಡವರು. ಅವರು ಹೆದರಿದಾಗ ಹಿಡಿದುಕೊಳ್ಳುವುದು ನಿಮ್ಮನ್ನೇ. ಆ ಹೊತ್ತಿಗೆ ನಿಮ್ಮ ಬಾಯಲ್ಲಿರುವುದೇ ಕೈಕೊಟ್ಟರೆ? ಗೆಳೆಯರ ಹತ್ತಿರ ಒಂದು ಸೆಟ್ ಎರವಲು ತಗೊಳ್ಳಿ, ಬಾಡಿಗೆಗಾದರೂ ತಗೊಳ್ಳಿ. ಇನ್ನೊಂದು ಕಾರಣವೂ ಇದೆ. ಆ ಸೆಟ್ ಈಗ ನಿಮ್ಮ ಸಾಕ್ಷಿ. ಒಂದೊಂದು ಡೈವ್ ಮಾಡಿದ ಹಾಗೂ ಸಾಕ್ಷಿ ಸವೆಯುತ್ತದೆ.

ನಾನು ಕಾರವಾರದಲ್ಲಿ ಹದಿನೆಂಟು ವರ್ಷದಿಂದ ರೆಗ್ಯುಲೇಟರ್ ಬಿಚ್ಚಿ ಜೋಡಿಸುತ್ತಿದ್ದೇನೆ. ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಒಂದಕ್ಕೊಂದು ಅಂಟಿಕೊಂಡಿವೆ. ಆಗಿದ್ದೇನು ಅನ್ನುವುದು ಒಂದು. ಕಂಪನಿ ಯಾಕೆ ಹೀಗೆ ನಡೆದುಕೊಂಡಿತು ಅನ್ನುವುದು ಇನ್ನೊಂದು. ಬಿಡಿಸಿಯೇ ನೋಡೋಣ.

ಟ್ಯಾಂಕಿನಲ್ಲಿ 200 ಬಾರ್ ಒತ್ತಡ ಇರುತ್ತದೆ. ಟ್ಯಾಂಕಿಗೆ ಕೂರುವ ಭಾಗವಾದ ಫಸ್ಟ್ ಸ್ಟೇಜ್ ಅದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ 9–10 ಬಾರ್ ಮೇಲಿರುವಷ್ಟಕ್ಕೆ ಇಳಿಸುತ್ತದೆ. ಅಲ್ಲಿಂದ ಹೋಸ್ ಮೂಲಕ ಬಾಯಿಗೆ ಬಂದಾಗ ಸೆಕೆಂಡ್ ಸ್ಟೇಜ್ ಉಸಿರಾಡುವ ಮಟ್ಟಕ್ಕೆ ತರುತ್ತದೆ. ಫಸ್ಟ್ ಸ್ಟೇಜಿನ ಒಳಗೆ ಲೋಹದ ಒಂದು ಸಣ್ಣ ಬಾಯಿ ಇದೆ, ಅಂಚು ಚೂಪು. ಅದರ ಮೇಲೆ ಕಡಲೆಕಾಳಿನಷ್ಟು ದೊಡ್ಡ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆಯೊಂದು ಕೂರುತ್ತದೆ. ಅದೇ ನಿಮ್ಮ ಗೆಳೆಯ ಹೇಳಿದ ಸೀಟ್. ಒಂದೊಂದು ಉಸಿರಿಗೂ ಅದು ಎದ್ದು ಕೂರಬೇಕು. ಕೂತಾಗ ಕೂದಲೆಳೆಯಷ್ಟೂ ಸಂದಿ ಇರಬಾರದು.

ಸಂದಿ ಬಿದ್ದರೆ ಎರಡು ಸ್ಟೇಜುಗಳ ಮಧ್ಯದ ಹೋಸಿನೊಳಗಿನ ಒತ್ತಡ 10 ಬಾರ್‌ನಲ್ಲಿ ನಿಲ್ಲದೆ ಏರುತ್ತಾ ಹೋಗುತ್ತದೆ. ಸೆಕೆಂಡ್ ಸ್ಟೇಜಿನ ವಾಲ್ವನ್ನು ಬೇಕೆಂದೇ ಹೀಗೆ ಮಾಡಿರುತ್ತಾರೆ: ಒತ್ತಡ ಜಾಸ್ತಿಯಾದರೆ ಅದು ಮುಚ್ಚಿಕೊಳ್ಳುವುದಿಲ್ಲ, ತೆರೆದುಕೊಳ್ಳುತ್ತದೆ. ಕೆಟ್ಟರೂ ಗಾಳಿ ನಿಲ್ಲದಿರಲಿ ಅಂತ. ಹಾಗಾಗಿ ನೀವು ಕಂಡ ಫ್ರೀ ಫ್ಲೋ, ಅಂದರೆ ಗಾಳಿ ತಾನಾಗೇ ಹರಿದದ್ದು, ಒಂದು ಲೆಕ್ಕದಲ್ಲಿ ಆ ಯಂತ್ರ ನಿಮ್ಮನ್ನು ಕಾಪಾಡಿದ ರೀತಿ. ಆದರೆ ಕಾಪಾಡುವುದು ಸ್ವಲ್ಪ ಹೊತ್ತು ಮಾತ್ರ. 11 ಲೀಟರ್ ಟ್ಯಾಂಕಿನ 200 ಬಾರ್ ಅಂದರೆ 2,200 ಲೀಟರ್ ಗಾಳಿ. ಜೋರು ಫ್ರೀ ಫ್ಲೋದಲ್ಲಿ ಅದು ಕೆಲವೇ ನಿಮಿಷಕ್ಕೆ ಖಾಲಿ.

ದಡದಲ್ಲಿ ಚೆನ್ನಾಗಿ ಕಾಣುವುದು ಯಾಕೆ ಅಂದರೆ, ಏರಿಕೆ ನಿಧಾನ. ನೀವು ಹಾಕಿ, ಎರಡು ಸಲ ಉಸಿರು ಎಳೆದು, ‘ಸರಿ ಇದೆ’ ಅಂತ ಮುಚ್ಚಿಡುತ್ತೀರಿ. ಪ್ರತಿ ಉಸಿರಿಗೂ ಒತ್ತಡ ಇಳಿಯುತ್ತದೆ, ಏರಿದ್ದು ಕಾಣುವುದೇ ಇಲ್ಲ. ಉಸಿರಾಡದೆ ಐದು ನಿಮಿಷ ಬಿಟ್ಟು ನೋಡಿ, ಮೆಲ್ಲಗೆ ಬುಳುಬುಳು ಶುರುವಾದೀತು. ಇದೆಲ್ಲ ನೀವು ಬರೆದ ಲಕ್ಷಣದ ಮೇಲೆ ನನ್ನ ಊಹೆ. ಸೆಕೆಂಡ್ ಸ್ಟೇಜಿನ ಹೊಂದಾಣಿಕೆ ತಪ್ಪಿದ್ದರೂ ಹೀಗೇ ಆಗಬಹುದು. ಒತ್ತಡದ ಗೇಜ್ ಹಾಕದೆ ಖಚಿತವಾಗಿ ಹೇಳಲಾಗದು.

ಒಂದು ತಮಾಷೆ ಹೇಳುತ್ತೇನೆ. ತಣ್ಣೀರಿನ ದೇಶದವರಿಗೆ ಫ್ರೀ ಫ್ಲೋ ಅಂದ ಕೂಡಲೇ ನೆನಪಾಗುವುದು ಮಂಜುಗಡ್ಡೆ. ಕೊರೆಯುವ ಕೆರೆಯಲ್ಲಿ ಫಸ್ಟ್ ಸ್ಟೇಜ್ ಹೆಪ್ಪುಗಟ್ಟಿ ಹೀಗಾಗುತ್ತದೆ. ಯುರೋಪಿನ ಇಎನ್ 250 ಮಾನದಂಡದಲ್ಲಿ 4 ಡಿಗ್ರಿ ನೀರಿನಲ್ಲಿ ಪರೀಕ್ಷೆಯೇ ಇದೆ. ನಮ್ಮ ನೇತ್ರಾಣಿ ನೀರು 28 ಡಿಗ್ರಿ. ನಮ್ಮ ಕಷ್ಟ ಬೇರೆ: ಬಿಸಿಲು, ಉಪ್ಪು, ಆಮೇಲೆ ನಾಲ್ಕು ತಿಂಗಳ ಮಳೆಯಲ್ಲಿ ಶೆಡ್ಡಿನ ಮೂಲೆಯಲ್ಲಿ ನೇತಾಡುವುದು.

ಈಗ ಡೀಲರ್ ಹೇಳಿದ ಉಪ್ಪಿನ ಮಾತು. ಅದು ಸುಳ್ಳು ಅಂತ ನಾನು ಹೇಳುವುದಿಲ್ಲ. ಸುಳ್ಳಲ್ಲ ಅಂತಲೂ ಹೇಳುವುದಿಲ್ಲ. ಅವರಿಗೆ ಗೊತ್ತಾಗಿದ್ದು ಹೇಗೆ ಅನ್ನುವುದೇ ನನ್ನ ಪ್ರಶ್ನೆ. ನೀವು ನನಗೂ ಅದೇ ಫೋಟೋ ಕಳಿಸಿದ್ದೀರಿ. ಟ್ಯಾಂಕಿಗೆ ಬಿಗಿಯುವ ಯೋಕ್ ಸ್ಕ್ರೂ ಬುಡದಲ್ಲಿ ಹಸಿರು ಕಿಲುಬು ಕಾಣುತ್ತದೆ, ನಿಜ. ಈ ಕರಾವಳಿಯಲ್ಲಿ ಒಂದು ಸೀಸನ್ ಓಡಿದ ಯಾವ ರೆಗ್ಯುಲೇಟರ್‌ನಲ್ಲಿ ಅದಿಲ್ಲ ಹೇಳಿ? ಮೇಲಿನ ಕಿಲುಬು ನೋಡಿ ಒಳಗಿನ ಸೀಟಿನ ಕಥೆ ಹೇಳುವುದು, ಮನೆಯ ಗೇಟ್ ತುಕ್ಕು ಹಿಡಿದಿದೆ ಅಂತ ಒಳಗಿನ ಮಿಕ್ಸಿ ಕೆಟ್ಟಿದೆ ಅಂದ ಹಾಗೆ.

ಒಳಗೆ ಉಪ್ಪುನೀರು ಹೋಗಿದೆಯಾ ಅಂತ ತಿಳಿಯಲು ನಮ್ಮ ಮೇಜಿನ ಮೇಲೆ ಮೊದಲು ನೋಡುವುದು ಒಂದು ಸಣ್ಣ ಫಿಲ್ಟರನ್ನು. ಟ್ಯಾಂಕಿಗೆ ಕೂರುವ ಬಾಯಿಯಲ್ಲೇ ಇರುತ್ತದೆ, ಲೋಹದ ಪುಡಿಯನ್ನು ಒತ್ತಿ ಮಾಡಿದ ಗುಂಡಿಯಂಥದ್ದು. ಅದರ ಮುಚ್ಚಳ, ಡಸ್ಟ್ ಕ್ಯಾಪ್, ತೆಗೆದು ಟಾರ್ಚ್ ಬಿಟ್ಟರೆ ಬಿಚ್ಚದೆಯೇ ಕಾಣುತ್ತದೆ. ಅದು ಹೊಳೆಯುತ್ತಿದ್ದರೆ ಒಳಗೆ ನೀರು ಹೋಗಿರುವ ಸಾಧ್ಯತೆ ಕಡಿಮೆ. ಹಸಿರಾಗಿದ್ದರೆ ನೀರು ಹೋಗಿದೆ. ಕೆಂಪು ಮಣ್ಣಿನ ಬಣ್ಣ ಇದ್ದರೆ ಯಾರದೋ ಸ್ಟೀಲ್ ಟ್ಯಾಂಕಿನ ಒಳಗೆ ತುಕ್ಕು. ಕಪ್ಪಾಗಿದ್ದರೆ ಟ್ಯಾಂಕಿಗೆ ಗಾಳಿ ತುಂಬುವ ಕಂಪ್ರೆಸರಿನ ಫಿಲ್ಟರ್ ಕೆಟ್ಟು ಇದ್ದಿಲ ಪುಡಿಯೋ ಎಣ್ಣೆಯೋ ಬರುತ್ತಿರಬಹುದು, ಅದು ರೆಗ್ಯುಲೇಟರಿಗಿಂತ ನಿಮ್ಮ ಎದೆಗೂಡಿಗೆ ಕೆಟ್ಟ ಸುದ್ದಿ. ಆ ಗುಂಡಿಯಷ್ಟು ಸತ್ಯ ಹೇಳುವ ಭಾಗ ಇಡೀ ಸೆಟ್ಟಿನಲ್ಲಿ ಇನ್ನೊಂದಿಲ್ಲ. ನಿಮ್ಮ ಫೋಟೋದಲ್ಲಿ ಅದೇ ಇಲ್ಲ. ಡೀಲರ್ ಅದನ್ನು ಕೇಳಿಯೂ ಇಲ್ಲ.

ಆಮೇಲೆ ಬಿಚ್ಚಿದಾಗ ಸೀಟನ್ನು ಭೂತಗನ್ನಡಿಯಲ್ಲಿ ನೋಡುತ್ತೇವೆ. ಸರಿಯಾಗಿ ಕೆಲಸ ಮಾಡಿದ ಸೀಟಿನ ಮೇಲೆ ಒಂದೇ ಸಮನಾದ ಉಂಗುರದ ಗುರುತು ಇರುತ್ತದೆ. ಉಂಗುರ ಒಂದು ಕಡೆ ಕಚ್ಚಿದ ಹಾಗಿದ್ದು, ಕೆಳಗಿನ ಲೋಹದ ಅಂಚಿನಲ್ಲೂ ಅದೇ ಜಾಗದಲ್ಲಿ ಗುಳಿ ಇದ್ದರೆ, ಹೊರಗಿಂದ ಉಪ್ಪಿನ ಹರಳೋ ಕಸವೋ ಬಂದು ಸಿಕ್ಕಿಕೊಂಡಿದೆ ಅಂತ ನನ್ನ ಲೆಕ್ಕ. ಅಂಚು ಕನ್ನಡಿಯ ಹಾಗಿದ್ದು ಸೀಟ್ ಮಾತ್ರ ಬಿರುಕು ಬಿಟ್ಟಿದ್ದರೆ ಸೀಟಿನ ಮೇಲೇ ಅನುಮಾನ. ಅದೂ ನಾಲ್ಕೇ ತಿಂಗಳು ಓಡಿದ ಸೆಟ್ಟಿನಲ್ಲಿ ಹಾಗಿದ್ದರೆ ಅನುಮಾನ ಇನ್ನೂ ಗಟ್ಟಿ.

ನಿಮ್ಮನ್ನೂ ಸ್ವಲ್ಪ ಕೇಳಬೇಕು, ಬೇಜಾರಾಗಬೇಡಿ. ಬೋಟಿನಿಂದ ಇಳಿದ ಮೇಲೆ ಎಲ್ಲರ ಸೆಟ್ಟನ್ನೂ ಒಂದೇ ಡ್ರಮ್ಮಿನಲ್ಲಿ ಅದ್ದುವ ಪದ್ಧತಿ ಇದೆ ಅಲ್ವಾ? ಆ ಡ್ರಮ್ಮಿನ ನೀರು ಸಂಜೆ ಹೊತ್ತಿಗೆ ಸಮುದ್ರದಷ್ಟೇ ಉಪ್ಪಾಗಿರುತ್ತದೆ. ಡಸ್ಟ್ ಕ್ಯಾಪ್ ಒರೆಸದೆ ಹಾಕುವುದು, ಅದ್ದಿದಾಗ ಸೆಕೆಂಡ್ ಸ್ಟೇಜಿನ ಮುಂದಿರುವ, ಗಾಳಿ ಬಿಡಿಸುವ ಪರ್ಜ್ ಬಟನ್ ಸುಮ್ನೆ ಒತ್ತುವುದು. ಒತ್ತಿದರೆ ವಾಲ್ವ್ ತೆರೆದು ನೀರು ಹೋಸಿನೊಳಗೆ ಹತ್ತುತ್ತದೆ. ನೀವೇ ಮಾಡಬೇಕೆಂದಿಲ್ಲ, ಡ್ರಮ್ಮಿನ ಹತ್ತಿರ ನಿಂತ ಹುಡುಗ ಒತ್ತಿದರೂ ಸಾಕು. ಇಂಥದ್ದೇನಾದರೂ ನಡೆದಿದ್ದರೆ ಕಂಪನಿಯ ಮುಂದೆ ಮುಚ್ಚಿಡಬೇಡಿ. ಫಿಲ್ಟರ್ ಹೇಗೂ ಹೇಳಿಬಿಡುತ್ತದೆ.

ಇನ್ನು ಕಂಪನಿಯ ವಿಷಯ. ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಇಂಥ ಕಂಪನಿಗಳಿಗೆ ಎರಡು ಬಾಗಿಲು. ಒಂದು ವಾರಂಟಿಯದು. ಅಲ್ಲಿ ಕೂತವರ ಕೆಲಸ ಬಿಲ್ ನೋಡುವುದು, ಸರ್ವಿಸ್ ದಿನಾಂಕ ನೋಡುವುದು, ದುಡ್ಡು ಕಂಪನಿಯದೋ ಗ್ರಾಹಕರದೋ ತೀರ್ಮಾನಿಸುವುದು. ಇನ್ನೊಂದು ಸುರಕ್ಷತೆಯದು. ಅಲ್ಲಿ ನೋಡುವುದು ಇದೇ ಮಾಡೆಲ್, ಇದೇ ಸುಮಾರಿನ ಸೀರಿಯಲ್ ನಂಬರ್, ಇದೇ ತೊಂದರೆ ಬೇರೆ ಎಲ್ಲಾದರೂ ಬಂದಿದೆಯಾ ಅಂತ. ನಿಮ್ಮ ಮೇಲ್ ಓದಿದೆ. ಮೊದಲ ಸಾಲು ‘ನನಗೆ ಮೋಸವಾಗಿದೆ’. ಎರಡನೇ ಸಾಲು ‘ನನ್ನ 38,000 ವಾಪಸ್ ಕೊಡಿ’. 14 ಮೀಟರ್ ಆಳದಲ್ಲಿ ಗೆಸ್ಟ್ ಜೊತೆ ಇದ್ದಾಗ ಗಾಳಿ ಹರಿದು ಹೋಯಿತು ಅನ್ನುವುದು ಹನ್ನೊಂದನೇ ಸಾಲಿನಲ್ಲಿದೆ. ಸೀರಿಯಲ್ ನಂಬರ್ ಎಲ್ಲೂ ಇಲ್ಲ. ದುಡ್ಡಿನ ಮಾತು ಮೊದಲು ಕಂಡಿದ್ದಕ್ಕೆ ಅದು ನೇರ ವಾರಂಟಿ ಬಾಗಿಲಿಗೆ ಹೋಯಿತು, ಅಲ್ಲಿಂದ ಡೀಲರ್ ಕಡೆಗೆ ಕೈ ತೋರಿಸಿದರು. ನೀವು ಮುರ್ಡೇಶ್ವರದವರು ಅಂತಲ್ಲ, ಮಿಲಾನಿನವರಾಗಿದ್ದರೂ ಹಾಗೇ ಆಗುತ್ತಿತ್ತು.

ಸುರಕ್ಷತೆಯ ಬಾಗಿಲಿಗೆ ಇಷ್ಟು ಬೆಲೆ ಯಾಕೆ? ಕಾನೂನು ಅವರ ಬೆನ್ನ ಹಿಂದೆ ನಿಂತಿರುವುದಕ್ಕೆ. ಅಮೆರಿಕದಲ್ಲಿ ಮಾರುವ ಕಂಪನಿಯಾದರೆ, ದೊಡ್ಡ ಅಪಾಯ ತರಬಹುದಾದ ದೋಷದ ಮಾಹಿತಿ ಕೈಗೆ ಬಂದ 24 ಗಂಟೆಯೊಳಗೆ ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗಕ್ಕೆ ತಿಳಿಸಬೇಕು. ಯುರೋಪಿನಲ್ಲಿ ಉಸಿರಾಟದ ಸಲಕರಣೆ ಮೂರನೇ ವರ್ಗದ ರಕ್ಷಣಾ ಸಾಧನ, ಅಂದರೆ ಜೀವಕ್ಕೆ ಸಂಬಂಧಪಟ್ಟದ್ದು. ನಿಮ್ಮ ಫಸ್ಟ್ ಸ್ಟೇಜಿನ ಮೇಲೆ, ಯುರೋಪಿನ ನಿಯಮಕ್ಕೆ ಒಪ್ಪುತ್ತದೆ ಅನ್ನುವ ಸಿಇ ಗುರುತು, ಅದರ ಪಕ್ಕ ನಾಲ್ಕು ಅಂಕಿ ಇದ್ದರೆ ಅದು ಕಾರ್ಖಾನೆಯ ಮೇಲೆ ಕಣ್ಣಿಡುವ ಹೊರಗಿನ ಸಂಸ್ಥೆಯ ನಂಬರ್. ‘ಸಿಇ ಇದೆ, ಹಾಗಾಗಿ ದೋಷ ಇರೋಕೆ ಸಾಧ್ಯವಿಲ್ಲ’ ಅಂತ ಅಂಗಡಿಯವರು ಹೇಳುವುದುಂಟು. ತಪ್ಪು. ಮಾಡೆಲ್ ಪರೀಕ್ಷೆಯಲ್ಲಿ ಪಾಸಾಗಿದೆ ಅಂದರೆ ನಿಮ್ಮ ಕೈಯಲ್ಲಿರುವ ಪೀಸ್ ಸರಿ ಇದೆ ಅಂತ ಅಲ್ಲ.

‘ಕಂಪನಿಗೆ ಮೊದಲೇ ಗೊತ್ತಿತ್ತಾ?’ ಅಂತ ಕೇಳಿದ್ದೀರಿ. ಗೊತ್ತಿದ್ದೂ ತಡಮಾಡಿದರು ಅನ್ನುವ ಆರೋಪ ಈ ಉದ್ಯಮಕ್ಕೆ ಹೊಸದಲ್ಲ. ಸ್ವಿಟ್ಜರ್ಲೆಂಡಿನ ಯೂವಾಟೆಕ್ ಕಂಪನಿಯ ಅಲಾದಿನ್ ಏರ್ ಎಕ್ಸ್ ನೈಟ್ರಾಕ್ಸ್ ಅನ್ನುವ ಡೈವ್ ಕಂಪ್ಯೂಟರ್ (ನೀರಿನಲ್ಲಿ ಎಷ್ಟು ಹೊತ್ತು ಇರಬಹುದು ಅಂತ ಲೆಕ್ಕ ಹಾಕುವ ಯಂತ್ರ) ಇತ್ತು. 1995ರಲ್ಲಿ ತಯಾರಾದ ಪೀಸುಗಳ ಲೆಕ್ಕದಲ್ಲಿ ತಪ್ಪಿತ್ತು. ನೈಟ್ರಾಕ್ಸ್ ಅಂದರೆ ಆಮ್ಲಜನಕ ಹೆಚ್ಚಿಸಿದ ಗಾಳಿ. ಅದರ ಡೈವ್ ಮುಗಿಸಿ ಬೋಟಿಗೆ ಹತ್ತಿದ ಮೇಲೂ ಡೈವರ್ ನೈಟ್ರಾಕ್ಸನ್ನೇ ಉಸಿರಾಡುತ್ತಿದ್ದಾನೆ ಅಂತ ಅದು ಎಣಿಸುತ್ತಿತ್ತು. ಹಾಗಾಗಿ ಮೈಯಲ್ಲಿನ ನೈಟ್ರೋಜನ್ ನಿಜಕ್ಕಿಂತ ಬೇಗ ಹೋಗಿದೆ ಅಂತ ತೋರಿಸಿ, ಮುಂದಿನ ಡೈವಿಗೆ ಸುರಕ್ಷಿತವಾದದ್ದಕ್ಕಿಂತ ಜಾಸ್ತಿ ಹೊತ್ತು ಕೊಡುತ್ತಿತ್ತು. ವಾಪಸ್ ಕರೆಸಿದ್ದು 2003ರಲ್ಲಿ! ಮೊದಲೇ ಗೊತ್ತಿದ್ದೂ ಮುಚ್ಚಿಟ್ಟರು ಅಂತ ಅಮೆರಿಕದಲ್ಲಿ ಡೈವರ್‌ಗಳು ಕೋರ್ಟಿಗೆ ಹೋದರು. ಆಮೇಲೆ ಸುಂಟೋ ಕಂಪ್ಯೂಟರ್‌ಗಳ ಆಳ ಅಳೆಯುವ ಸೆನ್ಸರ್ ಬಗ್ಗೆಯೂ ಅಲ್ಲಿ ಡೈವರ್‌ಗಳು ಒಟ್ಟಾಗಿ ದಾವೆ ಹೂಡಿದರು. 2018ರಲ್ಲಿ ರಾಜಿಯಾಯಿತು. 2006ರಿಂದ ತಯಾರಾದ ಪೀಸುಗಳನ್ನು ಪರೀಕ್ಷಿಸಿ, ಕೆಟ್ಟಿದ್ದರೆ ರಿಪೇರಿ ಮಾಡಿಯೋ ಬದಲಾಯಿಸಿಯೋ ಕೊಡಲು ಒಪ್ಪಿದರು. ತಪ್ಪು ಒಪ್ಪಿಕೊಳ್ಳಲಿಲ್ಲ. ಇಂಥ ರಾಜಿಗಳಲ್ಲಿ ತಪ್ಪು ಒಪ್ಪುವವರು ಕಡಿಮೆ.

ಆದರೆ ಎಲ್ಲ ದೋಷವೂ ಇಂಥ ಕಥೆಯಲ್ಲ. ಎಷ್ಟೋ ಸಲ ಕಂಪನಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ. ಯಾಕೆಂದರೆ ತೊಂದರೆ ಕಾಣುವುದು ನಮ್ಮಂಥ ಊರಿನಲ್ಲಿ, ಮತ್ತು ನಮ್ಮಲ್ಲಿ ಯಾರೂ ಬರೆಯುವುದಿಲ್ಲ. ನನ್ನದೇ ಒಂದು ಮುಜುಗರದ ಕಥೆ ಇದೆ. ಕೆಲವು ವರ್ಷದ ಹಿಂದೆ ಒಬ್ಬ ಗೈಡ್ ಬಂದು ‘ಸರ್, ಉಸಿರು ಎಳೆಯೋಕೆ ಭಾರ ಆಗ್ತಿದೆ’ ಅಂದ. ಸೆಕೆಂಡ್ ಸ್ಟೇಜ್ ಬಿಚ್ಚಿ ಸರ್ವಿಸ್ ಮಾಡಿ ದುಡ್ಡು ತಗೊಂಡೆ. ಹದಿನೈದು ದಿನಕ್ಕೆ ಮತ್ತೆ ಬಂದ. ಮತ್ತೆ ಮಾಡಿದೆ, ಮತ್ತೆ ದುಡ್ಡು. ಮೂರನೇ ಸಲ ಬಂದಾಗ ಕೈಯಲ್ಲಿದ್ದ ವಾಲ್ವಿನಲ್ಲಿ ಹಳದಿ ಹರಳು ಕಂಡಿತು, ಕಲ್ಲುಸಕ್ಕರೆ ಪುಡಿಯ ಹಾಗೆ. ಎಲ್ಲಿಂದ ಬಂತು? ಹೋಸನ್ನೇ ಉದ್ದಕ್ಕೆ ಸೀಳಿದೆ. ಮೇಲೆ ನೂಲಿನ ಹೆಣಿಗೆ ಹೊಸದರ ಹಾಗೇ ಇತ್ತು. ಒಳಗಿನ ಪಾಲಿಯುರಿಥೇನ್ ಪದರ ಹರಳುಗಟ್ಟಿ ದಾರಿಯನ್ನೇ ಮುಚ್ಚುತ್ತಿತ್ತು. ಆ ಜಾತಿಯ ಪ್ಲಾಸ್ಟಿಕ್ ಬಿಸಿ ಮತ್ತು ತೇವ ಎರಡೂ ಸೇರಿದರೆ ಒಳಗೊಳಗೇ ಮುರಿಯುತ್ತದೆ. ಡೈವರ್‌ಗಳ ಸುರಕ್ಷತೆಗೆ ಕೆಲಸ ಮಾಡುವ ಡ್ಯಾನ್ ಸಂಸ್ಥೆಯೂ ಬಿಸಿ ಪ್ರದೇಶಗಳಲ್ಲಿ ಇದೇ ಆಗುತ್ತಿದೆ ಅಂತ ಎಚ್ಚರಿಸಿತ್ತು. ತಣ್ಣನೆಯ ದೇಶದಲ್ಲಿ ಕೂತ ಎಂಜಿನಿಯರಿಗೆ ಇದು ಕನಸಿನಲ್ಲೂ ಬರುವುದಿಲ್ಲ.

ಆ ಹುಡುಗನ ಎರಡು ಸಲದ ದುಡ್ಡು ವಾಪಸ್ ಕೊಟ್ಟೆ. ಹೋಸ್ ಮಾಡಿದವರಿಗೆ ಫೋಟೋ ಸಮೇತ ಬರೆದೆ. ಅವರು ಮೊದಲು ಕೇಳಿದ್ದು ಬಿಲ್ ಅಲ್ಲ, ಹೋಸಿನ ತುದಿಯ ಲೋಹದ ಮೇಲೆ ಒತ್ತಿದ ತಯಾರಿಕೆ ದಿನಾಂಕ. ಬೇರೆಯವರ ಹತ್ತಿರವೂ ಅದೇ ದಿನಾಂಕದ್ದು ಮೂರು ಸಿಕ್ಕಿತು. ನಾಲ್ಕೂ ಬದಲಾಯಿಸಿ ಕೊಟ್ಟರು. ಸುರಕ್ಷತೆಯ ಬಾಗಿಲು ತೆರೆಯುವುದು ಹೀಗೆ.

ಇಲ್ಲಿ ಇನ್ನೊಂದು ಒಳಗಿನ ವಿಷಯ ಹೇಳಿಬಿಡುತ್ತೇನೆ. ದೋಷ ಕಂಡರೆ ಎಲ್ಲರೂ ರೀಕಾಲ್ ಮಾಡುತ್ತಾರೆ, ಅಂದರೆ ಮಾರಿದ್ದನ್ನು ವಾಪಸ್ ಕರೆಸುತ್ತಾರೆ ಅಂತಲ್ಲ. ಅದಕ್ಕಿಂತ ಕೆಳಗೆ ಮೆಟ್ಟಿಲುಗಳಿವೆ. ಸಣ್ಣದಾದರೆ ಸದ್ದಿಲ್ಲದೆ ಕಾರ್ಖಾನೆಯಲ್ಲೇ ಭಾಗ ಬದಲಾಯಿಸಿಬಿಡುತ್ತಾರೆ. ಅದಕ್ಕಿಂತ ದೊಡ್ಡದಾದರೆ ಡೀಲರ್ ಮತ್ತು ಸರ್ವಿಸ್ ಮಾಡುವವರಿಗೆ ಮಾತ್ರ ಒಂದು ಸರ್ವಿಸ್ ಬುಲೆಟಿನ್ ಬರುತ್ತದೆ: ‘ಈ ಸೀರಿಯಲ್ ನಂಬರಿನಿಂದ ಇಷ್ಟರವರೆಗೆ ಸೀಟ್ ಬದಲಾಯಿಸಿ, ಗ್ರಾಹಕರಿಗೆ ಉಚಿತ.’ ಗ್ರಾಹಕ ಕೇಳದಿದ್ದರೆ ಅದು ಗೊತ್ತೇ ಆಗುವುದಿಲ್ಲ. ಡೀಲರ್ ಓದದೆ ಬಿಟ್ಟಿರಲೂಬಹುದು. ಹಾಗಾಗಿ ನೀವು ಲಿಖಿತವಾಗಿ ಕೇಳಬೇಕಾದ ಮೊದಲ ಪ್ರಶ್ನೆ ಇದು: ‘ಈ ಮಾಡೆಲ್ಲಿಗೆ, ಈ ಸೀರಿಯಲ್ ನಂಬರಿಗೆ ಯಾವುದಾದರೂ ಸರ್ವಿಸ್ ಬುಲೆಟಿನ್ ಬಂದಿದೆಯೇ?’ ಈ ಒಂದು ಸಾಲಿಗೆ ಇಪ್ಪತ್ತು ಸಾಲಿನ ಸಿಟ್ಟಿಗಿಂತ ಜಾಸ್ತಿ ತೂಕ. ‘ಇಲ್ಲ’ ಅಂತ ಬರೆದುಕೊಟ್ಟು ನಾಳೆ ಇತ್ತು ಅಂತಾದರೆ ಅವರಿಗೇ ಕಷ್ಟ.

ಇನ್ನು ನಿಮ್ಮ ಮುಂದಿರುವ ದಾರಿಗಳು.

ಗೆಳೆಯ ಹೇಳಿದ ಹಾಗೆ ಬಿಚ್ಚುವುದು: ಬೇಡವೇ ಬೇಡ. ಕೈ ಓಡದು ಅಂತಲ್ಲ, ಬೋಟ್ ಎಂಜಿನ್ ಬಿಚ್ಚಿದವರಿಗೆ ಇದೇನು ದೊಡ್ಡದಲ್ಲ. ಆದರೆ ಸರಿಯಾದ ಉಪಕರಣ ಇಲ್ಲದೆ ಸ್ಕ್ರೂಡ್ರೈವರ್ ಒಂದು ಸಲ ಆ ಚೂಪು ಅಂಚಿಗೆ ತಾಗಿದರೆ ಫಸ್ಟ್ ಸ್ಟೇಜೇ ಹೋಯಿತು. ಆನ್‌ಲೈನಿನಲ್ಲಿ ಸಿಗುವ ಸೀಟ್ ಅಸಲಿಯೋ ನಕಲಿಯೋ ನೋಡಿ ಹೇಳುವುದು ಕಷ್ಟ. ಮತ್ತು ಒಂದು ಸಲ ಬಿಚ್ಚಿದಿರೋ, ‘ಗ್ರಾಹಕರೇ ಕೈ ಹಾಕಿದ್ದಾರೆ’ ಅನ್ನುವ ಉತ್ತರವನ್ನು ನೀವೇ ಅವರ ಕೈಗೆ ಕೊಟ್ಟ ಹಾಗೆ.

9,000 ಕೊಟ್ಟು ಸರ್ವಿಸ್ ಮಾಡಿಸುವುದು: ಸೀಸನ್ ಮುಗಿಯುವುದರೊಳಗೆ ದುಡಿಯಬೇಕು ಅಂದರೆ ಅದೂ ಒಂದು ದಾರಿ, ನಾನು ಹೀಯಾಳಿಸುವುದಿಲ್ಲ. ಆದರೆ ಹಳೆಯ ಭಾಗಗಳನ್ನು ಪೊಟ್ಟಣದಲ್ಲಿ ವಾಪಸ್ ಕೊಡಬೇಕು, ಏನು ಕಂಡಿತು ಅಂತ ಬರೆದುಕೊಡಬೇಕು ಅಂತ ಮೊದಲೇ ಒಪ್ಪಿಸಿ. ಇಲ್ಲದಿದ್ದರೆ ನಿಮ್ಮ ಸೀಟ್ ಅವರ ಕಸದ ಬುಟ್ಟಿಯಲ್ಲಿ, ನಿಮ್ಮ ಸಾಕ್ಷಿಯೂ ಅಲ್ಲೇ. ಡಬ್ಬದ ಮೇಲೆ ‘ಜೀವನಪೂರ್ತಿ ಉಚಿತ ಬಿಡಿಭಾಗ’ ಅಂತ ಇದ್ದರೆ ಕೆಳಗಿನ ಸಣ್ಣ ಅಕ್ಷರ ಓದಿ. ಸಾಮಾನ್ಯವಾಗಿ ಅದು ಪ್ರತಿ ವರ್ಷ ಅವರದೇ ಡೀಲರ್ ಹತ್ತಿರ ಸರ್ವಿಸ್ ಮಾಡಿಸಿದರೆ ಮಾತ್ರ. ಬಿಡಿಭಾಗ ಬಿಟ್ಟಿ, ಕೂಲಿ ನಿಮ್ಮದು.

ನಾನಾದರೆ ಮಾಡುವುದು ಇದು. ಮೊದಲು ಯಾರಾದರೂ ಸರ್ವಿಸ್ ಮಾಡುವವರ ಹತ್ತಿರ ಒತ್ತಡದ ಗೇಜ್ ಹಾಕಿಸುತ್ತೇನೆ. ಅದು ಬಿಸಿಡಿಗೆ (ತೇಲಲು ಗಾಳಿ ತುಂಬುವ ಜಾಕೆಟ್) ಗಾಳಿ ಕೊಡುವ ಇನ್‌ಫ್ಲೇಟರ್ ಹೋಸಿಗೆ ಸುಮ್ನೆ ಸಿಕ್ಕಿಸುವಂಥದ್ದು, ಒಂದು ಸ್ಕ್ರೂ ಕೂಡ ಬಿಚ್ಚಬೇಕಾಗಿಲ್ಲ. ತುಂಬಿದ ಟ್ಯಾಂಕ್ ತೆರೆದು, ಎರಡು ಸಲ ಪರ್ಜ್ ಒತ್ತಿ, ಮೊಬೈಲ್ ವಿಡಿಯೋ ಹಚ್ಚಿಟ್ಟುಬಿಡಿ. ಮುಳ್ಳು ನಿಂತಲ್ಲೇ ನಿಂತರೆ ಫಸ್ಟ್ ಸ್ಟೇಜ್ ಸರಿ, ಕಾಯಿಲೆ ಸೆಕೆಂಡ್ ಸ್ಟೇಜಿನಲ್ಲಿ. ಮುಳ್ಳು ನಿಲ್ಲದೆ ಮೆಲ್ಲಗೆ ಹತ್ತುತ್ತಾ ಹೋದರೆ ಸೀಟ್. ಅರ್ಧ ಗಂಟೆಯ ವಿಡಿಯೋ, ಸೀರಿಯಲ್ ನಂಬರ್ ಕಾಣುವ ಹಾಗೆ. ಜೊತೆಗೆ ಫಿಲ್ಟರಿನ ಹತ್ತಿರದ ಫೋಟೋ, ಬಿಲ್, ಡೈವ್ ಕಂಪ್ಯೂಟರಿನಲ್ಲಿರುವ ಆ ದಿನದ ಲಾಗ್. ಆ ಗೆಸ್ಟ್ ನಾಲ್ಕು ಸಾಲು ಬರೆದುಕೊಟ್ಟರೆ ಇನ್ನೂ ಒಳ್ಳೆಯದು.

ಆಮೇಲೆ ಕಂಪನಿಗೆ ಹೊಸ ಮೇಲ್, ಹಳೆಯದರ ಬಾಲಕ್ಕೆ ಜೋಡಿಸಿ ಅಲ್ಲ. ವಿಷಯದ ಸಾಲಿನಲ್ಲೇ ‘ಸುರಕ್ಷತಾ ಘಟನೆಯ ವರದಿ’ ಅಂತ ಹಾಕಿ, ಇಂಗ್ಲಿಷಿನಲ್ಲೇ. ಮಾಡೆಲ್, ಸೀರಿಯಲ್ ನಂಬರ್, ದಿನಾಂಕ, ಆಳ, ಟ್ಯಾಂಕಿನಲ್ಲಿ ಉಳಿದಿದ್ದ ಒತ್ತಡ, ನೀರಿನ ಉಷ್ಣತೆ, ಎಷ್ಟನೇ ಡೈವ್, ಏನಾಯಿತು. ‘ಸೆಟ್ ಬಿಚ್ಚಿಲ್ಲ, ಹಾಗೇ ಇಟ್ಟಿದ್ದೇನೆ, ನಿಮ್ಮ ತಾಂತ್ರಿಕ ವಿಭಾಗ ಪರೀಕ್ಷಿಸಿ ಲಿಖಿತ ಕಾರಣ ಕೊಡಬೇಕು’ ಅಂತ ಕೊನೆಯಲ್ಲಿ. ದುಡ್ಡಿನ ಮಾತು ಈ ಪತ್ರದಲ್ಲಿ ಬೇಡ. ಇದರ ಒಂದು ಪ್ರತಿ ನಿಮ್ಮ ಡೀಲರ್‌ಗೂ ಹೋಗಲಿ. ಡ್ಯಾನ್ ಸಂಸ್ಥೆ ಇಂಥ ಘಟನೆಗಳ ವರದಿ ತಗೊಳ್ಳುತ್ತದೆ, ಅಲ್ಲಿಗೂ ಒಂದು ಕಳಿಸಿ.

ಅವರು ‘ಕಳಿಸಿಕೊಡಿ’ ಅಂದರೆ ಒಂದು ಎಚ್ಚರ. ವಿದೇಶಕ್ಕೆ ಕಳಿಸುವುದಾದರೆ ರಿಪೇರಿಗೆ ಹೋಗಿ ವಾಪಸ್ ಬರುವ ಸರಕು ಅಂತ ಕಸ್ಟಮ್ಸ್ ಕಾಗದ ಮೊದಲೇ ಮಾಡಿಸಿ. ಇಲ್ಲದಿದ್ದರೆ ವಾಪಸ್ ಬರುವಾಗ ನಿಮ್ಮದೇ ವಸ್ತುವಿಗೆ ಮತ್ತೆ ಸುಂಕ ಕೇಳಿಯಾರು. ಸಾಗಣೆ ಖರ್ಚು ಅವರದು ಅಂತ ಬರೆಸಿಕೊಳ್ಳಿ. ‘ಸದ್ಭಾವನೆಯಿಂದ ಹೊಸದು ಕೊಡುತ್ತೇವೆ, ಇಲ್ಲಿ ಸಹಿ ಮಾಡಿ’ ಅನ್ನುವ ಪತ್ರ ಬರಲೂಬಹುದು. ತಗೊಳ್ಳಿ, ತಪ್ಪಿಲ್ಲ. ಆದರೆ ಬಾಯಿ ಮುಚ್ಚಿಕೊಂಡಿರುತ್ತೇನೆ ಅನ್ನುವ ಷರತ್ತು ಅದರಲ್ಲಿ ಇದೆಯಾ ಅಂತ ಎರಡು ಸಲ ಓದಿ.

ಇದ್ಯಾವುದಕ್ಕೂ ಜಗ್ಗದಿದ್ದರೆ ಕಾನೂನು. ನಾನು ವಕೀಲನಲ್ಲ, ಆದರೆ ಗಿರಾಕಿಗಳ ಜೊತೆ ಓಡಾಡಿ ಇಷ್ಟು ತಿಳಿದಿದೆ. ಮೊದಲು 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಖರ್ಚಿಲ್ಲ. ಅದಾದ ಮೇಲೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಡೀಲರ್ ಇರುವ ಊರಿಗೆ ಅಲೆಯಬೇಕಿಲ್ಲ, ಕಾರವಾರಕ್ಕೆ ಬಂದರೆ ಸಾಕು. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು. ‘ನೀನು ವ್ಯಾಪಾರಕ್ಕೆ ಕೊಂಡವನು, ಗ್ರಾಹಕನೇ ಅಲ್ಲ’ ಅಂತ ಅವರು ವಾದ ಮಾಡುತ್ತಾರೆ, ನೋಡುತ್ತಿರಿ. ಸ್ವಂತ ಉದ್ಯೋಗದಿಂದ ಹೊಟ್ಟೆ ಹೊರೆಯುವುದಕ್ಕೇ ಕೊಂಡು ತಾವೇ ಬಳಸುವವರನ್ನು ಕಾಯ್ದೆ ಗ್ರಾಹಕ ಅಂತಲೇ ಎಣಿಸುತ್ತದೆ. ಬಿಲ್ ನಿಮ್ಮ ಹೆಸರಿನಲ್ಲಿರುವುದು ಇಲ್ಲಿ ಕೆಲಸಕ್ಕೆ ಬರುತ್ತದೆ.

‘ಕಂಪನಿ ಹೊರದೇಶದ್ದು, ನಮ್ಮ ಕೈಗೆ ಸಿಗುತ್ತಾ?’ ಅನ್ನುವ ಭಯ ಬೇಡ. ಮಾರಿದವರನ್ನೂ ತಯಾರಿಸಿದವರನ್ನೂ ಇಬ್ಬರನ್ನೂ ಸೇರಿಸಿ. ಯಾರಿಗಾದರೂ ಏಟಾದ ಪ್ರಕರಣದಲ್ಲಿ, ತಯಾರಕ ನಮ್ಮ ಕಾನೂನಿನ ಕೈಗೆ ಸಿಗದಿದ್ದರೆ ಮಾರಾಟಗಾರನೇ ಹೊಣೆ ಹೊರಬೇಕಾಗಬಹುದು ಅಂತ ಕಾಯ್ದೆಯ 86ನೇ ಕಲಂ ಹೇಳುತ್ತದೆ. ನಿಮಗೆ ಏಟಾಗಿಲ್ಲ, ಪುಣ್ಯ. ನಿಮ್ಮದು ದೋಷದ ಸರಕಿನ ಸಾದಾ ದೂರು: ಸರಿಮಾಡಿ ಕೊಡಿ, ಬದಲಾಯಿಸಿ, ಇಲ್ಲವೇ ದುಡ್ಡು ಕೊಡಿ. ದೋಷ ಕಣ್ಣಿಗೆ ಕಾಣದ್ದಾದರೆ ಆಯೋಗ ವಸ್ತುವನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಬಹುದು. ಬಿಚ್ಚಬೇಡಿ ಅಂತ ಮತ್ತೆ ಮತ್ತೆ ಹೇಳುತ್ತಿರುವುದು ಅದಕ್ಕೇ. ಕಷ್ಟ ಏನೆಂದರೆ ಕಾಲ. ಯಾವ ಪ್ರಯೋಗಾಲಯ ಅನ್ನುವುದರಲ್ಲೇ ಜಗ್ಗಾಟವಾದೀತು, ಒಂದೆರಡು ಸೀಸನ್ ಕಳೆದೀತು. 38,000ಕ್ಕೆ ಅಷ್ಟು ಓಡಾಟ ಬೇಕಾ ಅನ್ನುವುದು ನಿಮ್ಮ ಲೆಕ್ಕ.

ಇನ್‌ಸ್ಟಾಗ್ರಾಂ? ಹಾಕಬೇಡಿ ಅನ್ನುವುದಿಲ್ಲ. ಕಂಪನಿಗಳು ಅಲ್ಲಿ ಬೇಗ ಉತ್ತರ ಕೊಡುವುದನ್ನು ನಾನೂ ನೋಡಿದ್ದೇನೆ. ಆದರೆ ಸುರಕ್ಷತಾ ಪತ್ರಕ್ಕೆ ಒಂದು ತಿಂಗಳು ಸಮಯ ಕೊಟ್ಟು ಆಮೇಲೆ ಹಾಕಿ. ನಡೆದದ್ದನ್ನು ಮಾತ್ರ ಬರೆಯಿರಿ: ದಿನಾಂಕ, ಆಳ, ಅವರ ಉತ್ತರ. ‘ಕಳ್ಳರು’, ‘ಕೊಲೆಗಡುಕರು’ ಅಂತ ಬರೆದರೆ ವಿಷಯ ರೆಗ್ಯುಲೇಟರಿನಿಂದ ಮಾನನಷ್ಟಕ್ಕೆ ತಿರುಗುತ್ತದೆ. ಆಮೇಲೆ ನೀವೇ ಉತ್ತರ ಕೊಡುತ್ತಾ ಕೂರಬೇಕು.

ಮುರ್ಡೇಶ್ವರದಿಂದ ಕಾರವಾರ ದೂರವೇನಲ್ಲ, ಬಸ್ಸು ಬೇಕಾದಷ್ಟಿದೆ. ಬೇಕಿದ್ದರೆ ನನ್ನ ಹತ್ತಿರವೇ ತನ್ನಿ, ಗೇಜ್ ಹಾಕಿ ವಿಡಿಯೋ ಮಾಡಿಕೊಡುತ್ತೇನೆ. ಅದಕ್ಕೆ ದುಡ್ಡು ಬೇಡ. ಟ್ಯಾಂಕ್ ಹೊತ್ತು ತರಬೇಡಿ, ಇಲ್ಲೇ ಇದೆ. ಡಸ್ಟ್ ಕ್ಯಾಪ್ ಹಾಕಿ, ಒಣಬಟ್ಟೆಯಲ್ಲಿ ಸುತ್ತಿ ಹಾಗೇ ತನ್ನಿ. ತರುವ ಮುಂಚೆ ‘ಚೆನ್ನಾಗಿ ಕಾಣಲಿ’ ಅಂತ ಬ್ರಷ್ ಹಾಕಿ ಆ ಕಿಲುಬು ತೊಳೆಯಬೇಡಿ, ಅದೂ ಇರಲಿ.